ಪಾದೆಕೋಡಿಯ ಒಂದನೇ ನಂಬರು

ಗುರುವಪ್ಪನವರು ಪಣಂಬೂರಿನ ಬಂದರಿನಲ್ಲಿ ಮೂವತ್ತೆರಡು ವರ್ಷ ಕ್ರೇನ್ ಓಡಿಸಿ ನಿವೃತ್ತರಾದವರು. ನೆಲದಿಂದ ಹತ್ತು ಮಾಳಿಗೆ ಎತ್ತರದ ಗಾಜಿನ ಗೂಡಿನಲ್ಲಿ ಕೂತು, ಎದುರಿಗೆ ಸಮುದ್ರ ನೋಡುತ್ತ ಅಷ್ಟು ವರ್ಷ ಕಳೆದ ಮನುಷ್ಯ, ಮನೆಗೆ ಬಂದ ಮೇಲೂ ಪೂರ್ತಿ ಕೆಳಗಿಳಿದಿರಲಿಲ್ಲ. ಸರಕು ತೂಗಾಡುತ್ತಿರುವಾಗ ಅವರು ಕಣ್ಣು ಮಿಟುಕಿಸಿದವರಲ್ಲ. ಅದನ್ನು ಅಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಆದರೆ ಒಂದು ಸರಕಿಗೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಅವರ ಮನಸ್ಸು ಹಡಗುಗಳ ಹಿಂದೆ ಹೊರಟುಬಿಡುತ್ತಿತ್ತು. ನಿವೃತ್ತಿಯ ನಂತರ ಸರಕು ನಿಂತಿತು, ಬಿಡುವು ಮಾತ್ರ ಉಳಿಯಿತು.

ಹೀಗೆ ಮನಸ್ಸು ಹೊರಗೆ ಹೋದಾಗ ದೇಹವನ್ನು ನೋಡಿಕೊಳ್ಳಲು ಅವರು ಒಂದು ಶಬ್ದವನ್ನು ಕಾವಲಿಗೆ ಬಿಟ್ಟಿದ್ದರು. ಅದು ‘ಹೌದು’.

“ಸಾರಿಗೆ ಉಪ್ಪು ಜಾಸ್ತಿ ಆಯ್ತಾ?” ಎಂದು ಹೆಂಡತಿ, ಬಾಗಿ ಎಂಬವಳು, ಕೇಳಿದರೆ “ಹೌದು.” “ಹಾಗಾದ್ರೆ ಕಮ್ಮಿ ಆಯ್ತಾ?” ಎಂದರೆ ಅದಕ್ಕೂ “ಹೌದು.” ಈ ಒಂದು ಶಬ್ದದ ದಯೆಯಿಂದ ಅವರು ಒಂದು ಭಜನಾ ಮಂಡಳಿಯ ಉಪಾಧ್ಯಕ್ಷರೂ ಒಂದು ಕಬಡ್ಡಿ ತಂಡದ ಗೌರವ ಸಲಹೆಗಾರರೂ ಆಗಿದ್ದರು. ಎರಡೂ ವಿಷಯ ಅವರಿಗೆ ಗೊತ್ತಿರಲಿಲ್ಲ.

ಅವರ ಮನೆ ಇರುವುದು ಶಕ್ತಿನಗರ ದಾಟಿ ಇಳಿಜಾರಿನಲ್ಲಿ ಸಿಗುವ ಪಾದೆಕೋಡಿಯಲ್ಲಿ. ಆ ವರ್ಷ ಊರಲ್ಲೆಲ್ಲ ಎದೆಗೆ ಇಳಿಯುವ ಒಂದು ಜ್ವರ ಓಡಾಡುತ್ತಿತ್ತು. ಅದಕ್ಕೊಂದು ಹೊಸ ಇಂಜೆಕ್ಷನ್ ಬಂದಿತ್ತು. ಆದರೆ ಎಲ್ಲರಿಗೂ ಒಟ್ಟಿಗೆ ಸಾಲುವಷ್ಟು ಬಂದಿರಲಿಲ್ಲ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ತೀರ್ಮಾನಿಸುವ ಕೆಲಸವನ್ನು ಸರಕಾರ ಒಂದು ಎಐಗೆ ವಹಿಸಿತು. ಎಐಗೆ ಮಾಹಿತಿ ಬೇಕಲ್ಲ? ಅದಕ್ಕಾಗಿ ಆಶಾ ಕಾರ್ಯಕರ್ತೆ ಕುಶಲಾ ಟ್ಯಾಬ್ಲೆಟ್ ಹಿಡಿದು ಮನೆಮನೆಗೆ ಹೊರಟಳು.

ಅವಳು ಗುರುವಪ್ಪನವರ ಅಂಗಳಕ್ಕೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಮಾವಿನ ಮರದ ನೆರಳು ನಿಧಾನಕ್ಕೆ ಅವರ ಕುರ್ಚಿಯ ಮೇಲೆ ಹತ್ತುತ್ತಿತ್ತು. ಗಾಳಿಯಲ್ಲಿ ಎಲ್ಲೋ ಒಣಮೀನು ಹುರಿದ ಪರಿಮಳ. ಗುರುವಪ್ಪನವರ ಕಣ್ಣು ಅರ್ಧ ತೆರೆದಿತ್ತು. ಒಂದು ಬಿಳಿ ಹಡಗು ಅವರ ಕಣ್ಣೊಳಗೆ ಸದ್ದಿಲ್ಲದೆ ದಡ ಬಿಡುತ್ತಿತ್ತು. ಕುಶಲಾಳ ಕಣ್ಣು ಟ್ಯಾಬಿನ ಮೂಲೆಯಲ್ಲಿ ಬಂದು ಹೋಗುವ ನೆಟ್‌ವರ್ಕಿನ ಕಡ್ಡಿಗಳ ಮೇಲಿತ್ತು. ನಲವತ್ತೆರಡು ಪ್ರಶ್ನೆ, ಕಡ್ಡಿ ಮಾಯವಾಗುವ ಮೊದಲು ಮುಗಿಸಬೇಕು.

“ಶುಗರ್ ಉಂಟಾ ಗುರುವಪ್ಪಣ್ಣ?”

“ಹೌದು.”

“ಬಿಪಿ?”

“ಹೌದು.”

“ದಮ್ಮು? ಹಾರ್ಟು? ಕಿಡ್ನಿ?”

“ಹೌದು, ಹೌದು, ಹೌದು.”

“ದಿನಕ್ಕೆ ನೂರಕ್ಕಿಂತ ಹೆಚ್ಚು ಜನರ ಸಂಪರ್ಕ?”

“ಹೌದು.”

ಹಡಗು ಅಲೆತಡೆ ಗೋಡೆ ದಾಟಿತು. ಕುಶಲಾ ಒತ್ತುತ್ತ ಹೋದಳು. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಕೇಳಿಸಿಕೊಳ್ಳಲಿಲ್ಲ, ಹೇಳಿದ್ದನ್ನು ಮತ್ತೊಬ್ಬರು ನೋಡಲಿಲ್ಲ. ಹೀಗೆ ಸರಕಾರಿ ಮಾಹಿತಿಯೊಂದು ಶಾಂತಿಯುತವಾಗಿ ಹುಟ್ಟಿತು.

ಅಲ್ಲಿಂದ ಅವಳು ಹೋದದ್ದು ಪಕ್ಕದ ಮನೆಗೆ, ರೊಸಾಲಿನ್ ಬಾಯಮ್ಮನ ಹತ್ತಿರ. ಎಪ್ಪತ್ತಾರು ವಯಸ್ಸಿನ ಬಾಯಮ್ಮ ಮಗಳು ಎವ್ಲಿನ್ ಜೊತೆ ಇರುವವರು. ಎವ್ಲಿನ್ ಶಾಲೆಯಲ್ಲಿ ಟೀಚರ್, ಆ ದಿನ ರಜೆಯಲ್ಲಿ ಮನೆಯಲ್ಲೇ ಇದ್ದಳು. ಬಾಯಮ್ಮ ಬಾವಿಕಟ್ಟೆಯಿಂದ ಹಿತ್ತಿಲ ಬಾಗಿಲಿಗೆ ನಡೆದರೆ ಎರಡು ಸಲ ನಿಲ್ಲಬೇಕು. ಅವರ ಉಸಿರಿನ ಸದ್ದು ಗೋಡೆಯಾಚೆಗೂ ಕೇಳುತ್ತದೆ. ಆದರೆ ಗೇಟಿನಲ್ಲಿ ನಿಂತು ಕುಶಲಾ ಕೇಳಿದ ನಲವತ್ತೆರಡು ಪ್ರಶ್ನೆಗೂ ಬಾಯಮ್ಮ ಗಲ್ಲ ಎತ್ತಿ ಒಂದೇ ಉತ್ತರ ಕೊಟ್ಟರು. “ಇಲ್ಲ. ನನಗೆಂತ ಉಂಟು? ಎಂತ ಇಲ್ಲ.”

ಎಂಟು ದಿನ ಕಳೆದು ಗುರುವಪ್ಪನವರ ಮೊಬೈಲಿಗೆ ಒಂದು ಸಂದೇಶ ಬಂತು: ‘ಗೌರವಾನ್ವಿತ ಗುರುವಪ್ಪ ಅವರೇ, ನಿಮ್ಮ ವಲಯದ 6,214 ಫಲಾನುಭವಿಗಳಲ್ಲಿ ನಿಮ್ಮ ಸ್ಥಾನ: 1.’

ಗುರುವಪ್ಪನವರು ಅದನ್ನು ಮೂರು ಸಲ ಓದಿದರು. ಜೀವನದಲ್ಲಿ ಅವರು ಯಾವುದರಲ್ಲೂ ಒಂದನೆಯವರಾದವರಲ್ಲ. ಶಾಲೆಯ ಓಟದಲ್ಲಿ ಎಂಟು ಮಕ್ಕಳಲ್ಲಿ ಏಳನೆಯವರು, ಎಂಟನೆಯವನು ಬಿದ್ದಿದ್ದ. ಬಾಗಿಗೆ ತೋರಿಸಿದರು. ಬಾಗಿ ತನ್ನ ತಮ್ಮ ಮುಖೇಶನಿಗೆ ಫೋನ್ ಮಾಡಿದಳು.

ಮುಖೇಶ ಇಪ್ಪತ್ತು ವರ್ಷ ಮಸ್ಕತ್ತಿನಲ್ಲಿದ್ದು ಬಂದವನು. ಅಲ್ಲಿ ಎಂತ ಕೆಲಸ ಮಾಡುತ್ತಿದ್ದ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಅಲ್ಲಿಂದ ಬಂದ ಮೇಲೆ ಅವನಿಗೆ ಗೊತ್ತಿಲ್ಲದ ವಿಷಯ ಇರಲಿಲ್ಲ.

“ಬಾವ!” ಎಂದು ಅಂಗಳದಿಂದಲೇ ಕೂಗಿದ ಮುಖೇಶ. “ಎಐ ಅಂದ್ರೆ ಸಾಮಾನ್ಯ ಅಲ್ಲ ಮಾರಾಯ್ರೆ! ಅದಕ್ಕೆ ಶಿಫಾರಸು ಇಲ್ಲ, ಪಾರ್ಟಿ ಇಲ್ಲ. ಇಡೀ ವಾರ್ಡನ್ನು ಜಾಲಾಡಿ ನೋಡಿ ನಿಮ್ಮನ್ನು ತೆಗೆದದ್ದು. ಇದು ಹೀಗೆ ಬಿಡುವ ವಿಷಯ ಅಲ್ಲ.”

“ಹೌದು,” ಎಂದರು ಗುರುವಪ್ಪ.

ಮರುದಿನ ಪಾದೆಕೋಡಿ ಜಂಕ್ಷನ್ನಿನಲ್ಲಿ ಹನ್ನೆರಡು ಅಡಿಯ ಫ್ಲೆಕ್ಸ್ ಎದ್ದಿತು. ಪಾಸ್‌ಪೋರ್ಟ್ ಫೋಟೋದ ಗುರುವಪ್ಪ, ಮೈಮೇಲೆ ಕಂಪ್ಯೂಟರಿನಲ್ಲಿ ತೊಡಿಸಿದ ಕೋಟು. ಕೆಳಗೆ ‘6,214 ಮಂದಿಯಲ್ಲಿ ಪ್ರಥಮ’. ಮೇಲೆ ‘ಅಭಿನಂದನೆಗಳು’. ಫ್ಲೆಕ್ಸ್ ಅಂಗಡಿಯವರು ಚಂದಕ್ಕೆ ಇರಲಿ ಎಂದು ಎರಡೂ ಬದಿಗೆ ಉರಿಯುವ ದೀಪ ಇಟ್ಟಿದ್ದರು.

ಆ ಫ್ಲೆಕ್ಸ್ ನೋಡಿದ್ದೇ ಕುಶಲಾ ಸ್ಕೂಟರ್ ನಿಲ್ಲಿಸಿದಳು. ಒಂದು ನಿಮಿಷ ತಲೆ ಎತ್ತಿ ನೋಡಿದಳು. ನೇರ ಬಾಗಿಯ ಅಡುಗೆಮನೆಗೆ ಬಂದು, ಬಾಗಿಲು ಎಳೆದು, ದನಿ ತಗ್ಗಿಸಿದಳು.

“ಬಾಗಿಯಕ್ಕ, ಒಂದನೇ ನಂಬರ್ ಅಂದ್ರೆ ಬಹುಮಾನ ಅಲ್ಲ. ಜ್ವರ ಬಂದ್ರೆ ಯಾರು ಉಳಿಯುದು ಕಷ್ಟ ಉಂಟಾ, ಅವರು ಒಂದನೇ ನಂಬರ್. ಇಡೀ ವಾರ್ಡಿನಲ್ಲಿ ಅತೀ ಸೀರಿಯಸ್ ಗುರುವಪ್ಪಣ್ಣನೇ ಅಂತ.”

ಬಾಗಿಯ ಕೈಯಿಂದ ಸೌಟು ಬಿತ್ತು. “ದೇವೆರೆ! ಯಾರು ಹೇಳಿದ್ದು?”

“ನಾನಲ್ಲ. ಎಐ.”

“ಎಐಯಾ? ಎಚ್‌ಐ ಗೊತ್ತುಂಟು, ತೋಡಿಗೆ ಪೌಡರ್ ಹಾಕಿಸ್ಲಿಕ್ಕೆ ಬರ್ತಾರೆ. ಆರ್‌ಐ ಗೊತ್ತುಂಟು, ತಾಲೂಕು ಆಫೀಸಿನವರು. ಈ ಎಐ ಯಾರು? ಹೊಸತಾಗಿ ಬಂದದ್ದಾ?”

“ಹೊಸತೇ.”

“ಯಾವ ಊರಿನವರು?”

“ಬೆಂಗಳೂರು ಅಂತ ಕಾಣ್ತದೆ.”

“ಬೆಂಗಳೂರಿನಲ್ಲಿ ಕೂತವರಿಗೆ ನಮ್ಮ ಇವರ ಮೈಯೊಳಗೆ ಎಂತ ಉಂಟು ಅಂತ ಹೇಗೆ ಗೊತ್ತಾಗುದು? ಒಮ್ಮೆ ಬಂದು ನಾಡಿ ಹಿಡಿದು ನೋಡಿದ್ದಾರಾ?”

“ಎಐಗೆ ನೋಡ್ಬೇಕು ಅಂತ ಇಲ್ಲ ಬಾಗಿಯಕ್ಕ. ಕೂತಲ್ಲೇ ಎಲ್ಲ ಗೊತ್ತಾಗ್ತದೆ.”

ಬಾಗಿಯ ಕಣ್ಣೆದುರು ಬಿಳಿ ಅಂಗಿ ತೊಟ್ಟ, ಕಣ್ಣು ಮುಚ್ಚಿ ಎಲ್ಲರ ಆಯುಷ್ಯ ಹೇಳಬಲ್ಲ ಒಬ್ಬ ದೊಡ್ಡ ಅಧಿಕಾರಿ ಮೂಡಿದರು. ಅವಳು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದಳು.

ಸುದ್ದಿ ಸಂಜೆಯೊಳಗೆ ಇಡೀ ಪಾದೆಕೋಡಿಗೆ ಹಬ್ಬಿತು. ಅದಕ್ಕೆ ಸರಿಯಾಗಿ ಜಂಕ್ಷನ್ನಿನ ಮರದ ಒಂದು ಗೆಲ್ಲು ಗಾಳಿಗೆ ಬಾಗಿ ಫ್ಲೆಕ್ಸಿನ ‘ಅಭಿನಂದನೆಗಳು’ ಎಂಬುದನ್ನು ಪೂರ್ತಿ ಮರೆಮಾಡಿತು. ಉಳಿದದ್ದು ಎರಡು ದೀಪದ ನಡುವೆ ನಗುವ ಗುರುವಪ್ಪ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿ, “ಪಾಪ, ಯಾವಾಗ ಆದದ್ದು? ಒಳ್ಳೆ ಜನ” ಎನ್ನುತ್ತಿದ್ದರು.

ಬಂಧುಗಳು ಬರತೊಡಗಿದರು. ಸೇಬು ಬಂತು, ಮುಸುಂಬಿ ಬಂತು, ಎಳನೀರು ಬೊಂಡದ ಗೊನೆಯೇ ಬಂತು. ಎಲ್ಲರೂ ಚಪ್ಪಲಿ ಸದ್ದಾಗದಂತೆ ಬಿಚ್ಚಿ, ಕುರ್ಚಿಯ ತುದಿಯಲ್ಲಿ ಕೂತು, ಪಿಸುಮಾತಿನಲ್ಲಿ “ಹೇಗಿದ್ದೀರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಣ್ಣೊರೆಸಿಕೊಂಡರು. ಕಬಡ್ಡಿ ತಂಡದವರು ತಮ್ಮ ಗೌರವ ಸಲಹೆಗಾರರಿಗೆ ಒಂದು ನಿಮಿಷ ಎದ್ದು ನಿಂತು ಗೌರವ ಕೊಟ್ಟೇ ಬಿಟ್ಟರು. ಯಾವುದಕ್ಕೂ ಇರಲಿ ಎಂದು.

ಗುರುವಪ್ಪನವರಿಗೆ ಇದೆಲ್ಲ ಹಿತವಾಗಿತ್ತು. ಕೇಳದೆ ಚಾ ಬರುತ್ತಿತ್ತು. ಮನೆ ತುಂಬ ಹಣ್ಣಿನ ವಾಸನೆ. ಜನರೆಲ್ಲ ನೀರಿನೊಳಗೆ ನಡೆಯುವವರ ಹಾಗೆ ನಿಧಾನವಾಗಿ ಬಂದು ಹೋಗುತ್ತಿದ್ದರು. “ನಿಮಗೆ ತುಂಬ ಸುಸ್ತಾ ಬಾವ?” ಎಂದು ಮುಖೇಶ ಕೇಳಿದ. “ಹೌದು,” ಎಂದು ಅವರು ಎರಡನೇ ಚಾ ಕುಡಿದರು.

ಇಂಜೆಕ್ಷನ್ ಬರುವ ದಿನ ಗುರುವಾರ ಎಂದು ಗೊತ್ತಾಯಿತು. ಗುಡ್ಡೆಯ ಮೇಲಿನ ಹೆಲ್ತ್ ಸೆಂಟರಿಗೆ ಮೊದಲ ಕಂತಿನಲ್ಲಿ ನಲವತ್ತು ಡೋಸ್. ಬೆಳಿಗ್ಗೆ ಹತ್ತಕ್ಕೆ ಎಐ ತಾನಾಗಿಯೇ ಪೆಟ್ಟಿಗೆ ತೆರೆಯುತ್ತದೆ. ನಾಲ್ಕರೊಳಗೆ ಮುಗಿಸದಿದ್ದರೆ ಇಂಜೆಕ್ಷನ್ ಹಾಳು.

“ಹತ್ತಕ್ಕೆ ಎಐ ಬರ್ತಾರಂತೆ,” ಎಂದಳು ಬಾಗಿ. “ನಾನು ಮೊದಲೇ ಹೋಗಿ ಒಮ್ಮೆ ಮಾತಾಡ್ತೇನೆ. ನೀವು ಸ್ನಾನ ಮಾಡಿ ಬನ್ನಿ. ಒಂದೇ ಸ್ಟಾಪು. ಬರ್ತೀರಲ್ಲಾ?”

“ಹೌದು.”

ಬಾಗಿ ಒಂದು ಡಜನ್ ಕದಳಿ ಬಾಳೆಹಣ್ಣು ಕೈಚೀಲಕ್ಕೆ ಹಾಕಿ, ತಮ್ಮನನ್ನು ಕರೆದುಕೊಂಡು ಹೊರಟಳು.

ಗುರುವಪ್ಪನವರು ಸ್ನಾನ ಮಾಡಿದರು, ಇಸ್ತ್ರಿ ಮಾಡಿದ ಅಂಗಿ ಹಾಕಿದರು, ಮೊಬೈಲು ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿದರು. ಕಂಡಕ್ಟರ್ ಲಯನೆಲ್ ಅವರನ್ನು ಕಿಟಕಿಯ ಬಳಿ ಕೂರಿಸಿದ. ಕಿಟಕಿಯಿಂದ ತಣ್ಣನೆ ಗಾಳಿ. ಅಲ್ಲಿಂದ ಮುಂದಿನದ್ದು ಗುರುವಪ್ಪನವರ ತಪ್ಪಲ್ಲ, ಅವರ ಕಾಲುಗಳದ್ದು. ಮೂವತ್ತೆರಡು ವರ್ಷ ದಿನವೂ ಇಸ್ತ್ರಿ ಅಂಗಿ ಹಾಕಿ ಇದೇ ಬಸ್ಸು ಹತ್ತಿದ ಕಾಲುಗಳು ಹೆಲ್ತ್ ಸೆಂಟರಿನ ಸ್ಟಾಪಿನಲ್ಲಿ ಏಳಲಿಲ್ಲ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದವು, ಇನ್ನೊಂದು ಬಸ್ಸಿಗೆ ಹತ್ತಿದವು, ಪಣಂಬೂರಿನಲ್ಲಿ ಇಳಿದವು, ಸಮುದ್ರ ಕಾಣುವ ತನಕ ನಡೆದವು.

ಸಮುದ್ರ ಆ ದಿನ ಎಣ್ಣೆ ಹಾಕಿ ಬಾಚಿದ ಹಾಗೆ ನಯವಾಗಿತ್ತು. ದೂರದಲ್ಲಿ ನಾಲ್ಕು ಹಡಗುಗಳು ಒಳಗೆ ಬರುವ ಸರದಿಗಾಗಿ ಲಂಗರು ಹಾಕಿ ನಿಂತಿದ್ದವು. ಅವಕ್ಕೆ ಅವಸರ ಇರಲಿಲ್ಲ. ಗುರುವಪ್ಪನವರು ಮರಳಿನ ಮೇಲೆ ಕೂತರು. ಒಂದು ಒಂಟೆ ಗೆಜ್ಜೆ ಕಟ್ಟಿಕೊಂಡು ನೀರಿನ ಅಂಚಿನಲ್ಲಿ ಹೋಯಿತು. ಬಿಸಿಲು, ಗಾಳಿ, ಅಲೆ, ಗೆಜ್ಜೆ ಎಲ್ಲ ಸೇರಿ ಒಂದೇ ಸದ್ದಾಗಿ, ಆ ಸದ್ದು ಅವರನ್ನು ನಿಧಾನವಾಗಿ ಎತ್ತಿಕೊಂಡಿತು.

ಇತ್ತ ಹೆಲ್ತ್ ಸೆಂಟರಿನಲ್ಲಿ ಹತ್ತು ಗಂಟೆಗೆ ಪೆಟ್ಟಿಗೆ ಟಿಕ್ ಎಂದು ತೆರೆಯಿತು. ಟ್ಯಾಬ್ಲೆಟ್ಟಿನಲ್ಲಿ ಅಕ್ಷರ ಮೂಡಿತು: ‘ಫಲಾನುಭವಿ 1 ಬಂದಿಲ್ಲ. ದಯವಿಟ್ಟು ನಿರೀಕ್ಷಿಸಿ.’

ಡಾಕ್ಟರ್ ಕೌಶಲ್ ಚಿಕ್ಕ ಪ್ರಾಯದವರು, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಅವರು ಎರಡನೇ ನಂಬರಿನವರನ್ನು ಕರೆದರು. ಟ್ಯಾಬ್ಲೆಟ್ ಒಪ್ಪಲಿಲ್ಲ. ಮೂರನೆಯವರನ್ನು ಕರೆದರು. ‘ದಯವಿಟ್ಟು ನಿರೀಕ್ಷಿಸಿ.’

ಅಷ್ಟರಲ್ಲಿ ಬಾಗಿ ಒಳಗೆ ಬಂದು ಸೆರಗು ಸರಿಮಾಡಿಕೊಂಡಳು. “ಡಾಕ್ಟ್ರೇ, ಎಐಯವರನ್ನು ಒಮ್ಮೆ ಕಾಣ್ಬೇಕಿತ್ತು. ಐದೇ ನಿಮಿಷ.”

ಡಾಕ್ಟರರು ಟ್ಯಾಬ್ಲೆಟ್ ತಿರುಗಿಸಿ ತೋರಿಸಿದರು. “ಇದರೊಳಗೆ ಇರುದಮ್ಮ ಎಐ. ಮನುಷ್ಯ ಅಲ್ಲ.”

ಬಾಗಿ ಟ್ಯಾಬ್ಲೆಟ್ ನೋಡಿದಳು. ಕೈಚೀಲ ನೋಡಿದಳು. ಹೊರಗೆ ಬಂದು ಮೆಟ್ಟಿಲಲ್ಲಿ ಕೂತು, ಒಂದು ಬಾಳೆಹಣ್ಣು ಸುಲಿದು ತಾನೇ ತಿಂದಳು.

ಹನ್ನೆರಡಾಯಿತು. ಒಂದಾಯಿತು. ಸಾಲು ಗೇಟು ದಾಟಿ ರಸ್ತೆಗೆ ಬಂತು. ಮುಖೇಶ ಮನೆಗೆ ಓಡಿ ನೋಡಿದ, ಬೀಗ. ಫೋನ್ ಮಾಡಿದ, ಬೀಗದ ಒಳಗೆ ರಿಂಗ್ ಆಯಿತು. ಡಾಕ್ಟರರು ಬೇಸತ್ತು ಒಂದನೇ ನಂಬರಿನ ವಿವರ ತೆರೆದು ಓದತೊಡಗಿದರು. ಓದುತ್ತ ಓದುತ್ತ ಅವರ ಹುಬ್ಬು ಏರಿತು.

“ಕುಶಲಾ, ಈ ಗುರುವಪ್ಪ ಗಂಡಸಾ ಹೆಂಗಸಾ?”

“ಗಂಡಸು ಸರ್. ಅರವತ್ತೊಂದು ವರ್ಷ.”

“ಇವರು ಹಸುಗೂಸಿಗೆ ಎದೆಹಾಲು ಕುಡಿಸ್ತಾರಾ?”

“ಅವರು ಹೌದು ಅಂದ್ರು ಸರ್.”

“ನೀವು?”

“ನಾನು ಒತ್ತಿದೆ.”

“ಎಐ?”

“ಅದು ನಂಬಿತು.”

ಡಾಕ್ಟರರು ಮೇಲಿನ ಆಫೀಸಿಗೆ ಫೋನ್ ಮಾಡಿದರು. ಪಟ್ಟಿ ತಪ್ಪಿದೆ, ತಿದ್ದಬೇಕು ಎಂದರು. ಆಫೀಸಿನವರು ತುಂಬ ಮರ್ಯಾದೆಯಿಂದ ಮಾತಾಡಿದರು. ಪಟ್ಟಿ ಮಾಡುವ ಅಧಿಕಾರ ಎಐಗೆ ಉಂಟು, ಪಾಲಿಸುವ ಅಧಿಕಾರ ಡಾಕ್ಟರರಿಗೆ ಉಂಟು, ತಿದ್ದುವ ಅಧಿಕಾರ ಕಾಯ್ದೆಯಲ್ಲಿ ಯಾರಿಗೂ ಇಲ್ಲ. ಕಾಯ್ದೆ ಅಜ್ಜಂದಿರ ಕಾಲದ್ದು. ಇಲಿ, ಚರಂಡಿ, ಕೊಳೆತ ಮೀನು ಎಲ್ಲದರ ಬಗ್ಗೆ ವಿವರವಾಗಿ ಹೇಳಿದೆ, ಕಂಪ್ಯೂಟರಿನ ಬಗ್ಗೆ ಚಕಾರ ಇಲ್ಲ. “ತಿದ್ದುಪಡಿ ಬರ್ತಾ ಉಂಟು ಡಾಕ್ಟ್ರೇ. ಕರಡು ಆಗಿದೆ. ಅಲ್ಲಿವರೆಗೆ ದಯವಿಟ್ಟು ನಿರೀಕ್ಷಿಸಿ.”

ಎರಡೂವರೆಗೆ ಲಯನೆಲ್‌ನ ಬಸ್ಸು ಗುಡ್ಡೆ ಹತ್ತಿ ಬಂತು. ಸಾಲಿನಲ್ಲಿದ್ದ ಯಾರೋ ಕೇಳಿದರು, “ಓ ಲಯನೆಲ್, ಗುರುವಪ್ಪಣ್ಣನನ್ನು ನೋಡಿದ್ಯಾ?”

“ಗುರುವಪ್ಪಣ್ಣನಾ? ಅವರು ಬೆಳಿಗ್ಗೆಯೇ ಹೋದ್ರಲ್ಲ!” ಎಂದ ಲಯನೆಲ್. “ರೈಟ್ ಪೋಯಿ!” ಎಂದು ಸೀಟಿ ಊದಿದ, ಬಸ್ಸು ಹೊರಟೇ ಹೋಯಿತು.

ಹೋದ್ರು. ಆ ಶಬ್ದ ಸಾಲಿನ ಬಾಲದಿಂದ ತಲೆಗೆ ಬರುವಷ್ಟರಲ್ಲಿ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಮುಖೇಶ ಕಣ್ಣೊರೆಸಿಕೊಂಡು ಸುರತ್ಕಲ್ಲಿನ ಬಂಧುಗಳಿಗೆ ಫೋನ್ ಹಚ್ಚಿದ. ಬಾಗಿ ಮಾತ್ರ ಮೆಟ್ಟಿಲಿನಿಂದ ಏಳಲಿಲ್ಲ. “ಅವರು ನನಗೆ ಹೇಳದೆ ಹೋಗುದಿಲ್ಲ,” ಎಂದಳು. “ಎಲ್ಲಿಗೆ ಹೋಗುದಾದ್ರೂ ನನ್ನ ಕನ್ನಡಕ ಎಲ್ಲಿ ಅಂತ ಕೇಳಿಯೇ ಹೋಗುದು.” ಆದರೆ ಅವಳ ಕೈ ಕೈಚೀಲವನ್ನು ಬಿಗಿಯಾಗಿ ಹಿಡಿದಿತ್ತು. ಕೇಳಬೇಕಾದ ಹೊತ್ತಿಗೆ ತಾನೇ ಮನೆಯಲ್ಲಿ ಇರಲಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆದಿತ್ತು.

ಸುದ್ದಿ ಕೆಳಗೆ ರೊಸಾಲಿನ್ ಬಾಯಮ್ಮನಿಗೂ ಮುಟ್ಟಿತು. ಅವರು ಕಪ್ಪು ಶಾಲು ಹೊದ್ದರು, ಜಪಸರ ತೆಗೆದುಕೊಂಡರು, ಗುಡ್ಡೆ ಹತ್ತತೊಡಗಿದರು. ತನಗಾಗಿ ಅವರು ಆ ಗುಡ್ಡೆಯನ್ನು ಯಾವತ್ತೂ ಹತ್ತಿದವರಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು, ಗೋಡೆ ಹಿಡಿದು, ತುಟಿಯಲ್ಲಿ ಪ್ರಾರ್ಥನೆ ಹೇಳುತ್ತ, ನಡುವೆ ಉಸಿರಿಗಾಗಿ ಪ್ರಾರ್ಥನೆಯನ್ನು ನಿಲ್ಲಿಸುತ್ತ ಬಂದರು. ಗೇಟು ತಲುಪುವಾಗ ಮೂರೂಕಾಲು. ಸಾಲು ತಾನಾಗಿ ದಾರಿ ಬಿಟ್ಟಿತು. ಬಾಯಮ್ಮ ಡಾಕ್ಟರರ ಬಾಗಿಲೆದುರಿನ ಬೆಂಚಿನಲ್ಲಿ ಕೂತರು. ಅವರ ತುಟಿ ನೀಲಿಗಟ್ಟಿತ್ತು.

ಒಳಗಿದ್ದ ಡಾಕ್ಟರರಿಗೆ ಒಂದು ಸದ್ದು ಕೇಳಿತು. ಹಳೆಯ ಹಾರ್ಮೋನಿಯಂ ಒತ್ತಿದ ಹಾಗೆ. ಎದ್ದು ಹೊರಗೆ ಬಂದರು. ಬಾಯಮ್ಮನನ್ನು ನೋಡಿದರು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು.

“ಇವರ ನಂಬರೆಷ್ಟು?”

ಕುಶಲಾ ನೋಡಿದಳು. “ಐದು ಸಾವಿರದ ಎಂಟುನೂರ ಎಪ್ಪತ್ತು ಸರ್. ಎಂತ ಕಾಯಿಲೆ ಇಲ್ಲ ಅಂತ ಉಂಟು.”

ಡಾಕ್ಟರರು ಗೋಡೆಯ ಗಡಿಯಾರ ನೋಡಿದರು, ಬಾಯಮ್ಮನ ತುಟಿ ನೋಡಿದರು.

“ಕುಶಲಾ, ಆ ಟ್ಯಾಬ್ ಮುಚ್ಚಿ.”

“ಸರ್, ನಿಮಗೆ ತೊಂದರೆ ಆದೀತು.”

“ಮುಚ್ಚಿ.”

“ನಾನು ಗುರುವಪ್ಪನಿಗೆ ಪ್ರಾರ್ಥನೆ ಹೇಳ್ಲಿಕ್ಕೆ ಬಂದದ್ದು,” ಎಂದರು ಬಾಯಮ್ಮ ಏದುಸಿರಿನಲ್ಲಿ. “ಇಂಜೆಕ್ಷನಿಗೆ ಅಲ್ಲ.”

“ಎರಡೂ ಆಗ್ತದೆ ಬಾಯಮ್ಮ. ಮೊದಲು ಉಸಿರು ಸರಿ ಮಾಡುವಾ. ಆಮೇಲೆ ಇದು. ಕೊಡ್ಲಾ?”

ಬಾಯಮ್ಮ ಜಪಸರ ಹಿಡಿದ ಕೈಯನ್ನೇ ಮುಂದೆ ಮಾಡಿದರು. ಕುಶಲಾ ಉಸಿರಿನ ಔಷಧಿಯ ಮಾಸ್ಕ್ ಅವರ ಮುಖಕ್ಕೆ ಇಟ್ಟಳು. ನೀಲಿ ಇಳಿದ ಮೇಲೆ ಡಾಕ್ಟರರು ಸೂಜಿ ಚುಚ್ಚಿದರು. ಅಲ್ಲಿಂದ ಕುಶಲಾ ತಲೆ ಎತ್ತಿ ಸಾಲನ್ನು ನೋಡಿದಳು. ಹದಿನಾಲ್ಕು ವರ್ಷದಿಂದ ಅವಳು ಒಳಹೊರಗೆ ಹೊಕ್ಕು ಬಂದ ಮನೆಗಳ ಮುಖಗಳು. “ಸರ್, ಇವರಿಗೆ ಡಯಾಲಿಸಿಸ್. ಇವಳಿಗೆ ಮೂರು ತಿಂಗಳ ಮಗು. ಆ ಅಜ್ಜನಿಗೆ ಹಾರ್ಟ್ ಆಪರೇಷನ್ ಆಗಿದೆ, ಹೇಳ್ಲಿಕ್ಕೆ ನಾಚಿಕೆ ಅವರಿಗೆ.” ನಾಲ್ಕಕ್ಕೆ ಎರಡು ನಿಮಿಷ ಇರುವಾಗ ನಲವತ್ತನೇ ಡೋಸ್ ಮುಗಿಯಿತು.

ನಾಲ್ಕೂಕಾಲಿಗೆ ಗುರುವಪ್ಪನವರು ಬಸ್ಸಿನಿಂದ ಇಳಿದರು. ಮುಖ ಬಿಸಿಲಿಗೆ ಕೆಂಪಾಗಿತ್ತು, ಜೇಬಿನಲ್ಲಿ ಮರಳಿತ್ತು. ಗೇಟಿನ ಬಳಿ ಇಷ್ಟು ಜನ, ಕಪ್ಪು ಶಾಲು, ಕಣ್ಣೀರು ನೋಡಿ ಅವರಿಗೆ ವಿಷಯ ಅರ್ಥವಾಯಿತು. ಚಪ್ಪಲಿ ಬಿಚ್ಚಿ ಬದಿಗಿಟ್ಟು, ಪಕ್ಕದವರ ಕಿವಿಯಲ್ಲಿ ಕೇಳಿದರು, “ಯಾರು ಹೋದದ್ದು?”

ಆ ಮನುಷ್ಯ ಬಾಯಿ ಬಿಟ್ಟು ನೋಡಿದ. “ನೀವು.”

ಗುರುವಪ್ಪನವರು ಸ್ವಲ್ಪ ಯೋಚಿಸಿದರು. “ಹೌದು,” ಎಂದರು.

ಬಾಗಿ ಎದ್ದು ಬಂದವಳು ಅವರ ಅಂಗಿಯ ತೋಳು ಹಿಡಿದು, ಉಳಿದ ಬಾಳೆಹಣ್ಣುಗಳನ್ನೆಲ್ಲ ಅವರ ಕೈಗೆ ತುರುಕಿ, ಎಲ್ಲರೆದುರು ಗೊಳೋ ಎಂದು ಅತ್ತಳು. ಬಾಯಮ್ಮ ಬೆಂಚಿನಿಂದಲೇ ಜಪಸರ ಬೀಸಿ ಗದರಿದರು. “ಜೆಜು ಸಾಯ್ಬಾ! ಇಡೀ ಐವತ್ತು ಮಣಿ ಎಣಿಸಿದ್ದೇನೆ ಮಾರಾಯ ನಿನಗೆ!”

ನಗು ಮೂರು ದಿನ ಇತ್ತು. ನಾಲ್ಕನೇ ದಿನ ಡಾಕ್ಟರ್ ಕೌಶಲರಿಗೆ ನೋಟೀಸು ಬಂತು. ಪಟ್ಟಿ ಮೀರಿ ಇಂಜೆಕ್ಷನ್ ಕೊಟ್ಟದ್ದು ಯಾವ ಕಲಮಿನ ಪ್ರಕಾರ? ಯಾಕೆ ಕೆಲಸದಿಂದ ತೆಗೆಯಬಾರದು? ಉತ್ತರವನ್ನು ಹದಿನೈದನೇ ತಾರೀಕು ದೇರೆಬೈಲಿನ ಸಭಾಭವನದಲ್ಲಿ ಕೊಡಬೇಕು. ಆ ದಿನ ಕಾಯ್ದೆಯ ತಿದ್ದುಪಡಿಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಲು ಬೆಂಗಳೂರಿನಿಂದ ಸಮಿತಿ ಬರುತ್ತಿತ್ತು.

ಪಾದೆಕೋಡಿ ಎರಡು ಬಸ್ಸು ತುಂಬಿಕೊಂಡು ದೇರೆಬೈಲಿಗೆ ಹೋಯಿತು. ಮುಖೇಶ ಬಾವನಿಗಾಗಿ ಹನ್ನೊಂದು ಪುಟದ ಭಾಷಣ ಬರೆದು ತಂದಿದ್ದ. ವೇದಿಕೆಯ ನಡುವೆ ಸಮಿತಿಯ ಅಧ್ಯಕ್ಷೆ, ಬೆಳ್ಳಿ ಕೂದಲಿನ ಹೆಂಗಸು, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತಿದ್ದರು.

“ಡಾಕ್ಟರೇ, ನಿಮಗೆ ಈ ಅಧಿಕಾರ ಎಲ್ಲಿಂದ ಬಂತು?” ಎಂದು ಕೇಳಿದರು.

“ಎಲ್ಲಿಂದಲೂ ಬರಲಿಲ್ಲ ಮೇಡಂ,” ಎಂದರು ಕೌಶಲ್. “ಹೊರಗೆ ಉಸಿರಾಟದ ಸದ್ದು ಕೇಳಿತು. ಎದ್ದು ಹೋದೆ.”

ಅಧ್ಯಕ್ಷೆ ಏನೋ ಬರೆದುಕೊಂಡು ಗುರುವಪ್ಪನವರನ್ನು ಕರೆದರು. ಮುಖೇಶ ಭಾಷಣವನ್ನು ಅವರ ಕೈಗಿಟ್ಟು ಮುಂದೆ ನೂಕಿದ. ವೇದಿಕೆಯ ಮೇಲೆ ದೊಡ್ಡ ಫ್ಯಾನ್ ನಿಧಾನವಾಗಿ ತಿರುಗುತ್ತಿತ್ತು. ಗುರುವಪ್ಪನವರ ಕಣ್ಣು ಅದರ ಜೊತೆ ತಿರುಗತೊಡಗಿತು.

“ಸರದಿಯನ್ನು ಎಐ ತೀರ್ಮಾನಿಸುವುದು ಒಳ್ಳೆಯದೇ?”

“ಹೌದು.”

ಮುಖೇಶ ಹಣೆ ಚಚ್ಚಿಕೊಂಡ.

“ಹಾಗಾದರೆ ಡಾಕ್ಟರರು ಮಾಡಿದ್ದು ತಪ್ಪೇ?”

ಗುರುವಪ್ಪನವರ ಬಾಯಿ ತೆರೆಯಿತು. ಅಷ್ಟರಲ್ಲಿ ಪಕ್ಕದಲ್ಲಿ ನಿಂತ ಡಾಕ್ಟರರು ಕಾಣಿಸಿದರು. ಆ ಮುಖದಲ್ಲಿ ರಕ್ತ ಇರಲಿಲ್ಲ. ತೂಗಾಡುವ ಸರಕು ನೋಡಿದವರ ಹಾಗೆ ಗುರುವಪ್ಪನವರ ಕಣ್ಣು ಒಮ್ಮೆಲೇ ಸ್ಪಷ್ಟವಾಯಿತು.

“ಅಲ್ಲ ಮೇಡಂ. ತಪ್ಪು ನನ್ನದು. ಆದ್ರೆ ಒಂದು ಮಾತು ಉಂಟು. ನಾನು ಕ್ರೇನಿನವ. ನಮಗೂ ಮಿಷನ್ ಉಂಟು, ತೂಕ ಹೇಳ್ತದೆ, ಗಾಳಿ ಹೇಳ್ತದೆ. ಒಳ್ಳೆಯದೇ ಅದು. ಆದ್ರೆ ಕೆಳಗೆ ನಿಂತವ ಕೈ ಎತ್ತಿದ್ರೆ ನಿಲ್ಲಿಸ್ಲೇ ಬೇಕು. ಮಿಷನ್ ಸರಿ ಉಂಟು ಅಂತ ಹೇಳಿದ್ರೂ ನಿಲ್ಲಿಸ್ಬೇಕು. ಆಫೀಸರ್ ಎತ್ತಿದ್ರೂ ಸರಿ, ಗುಡಿಸುವವಳು ಎತ್ತಿದ್ರೂ ಸರಿ. ಯಾಕೆ ಅಂದ್ರೆ ಸರಕು ಬೀಳುದು ಅವರ ತಲೆ ಮೇಲೆ. ಮೂವತ್ತೆರಡು ವರ್ಷದಲ್ಲಿ ನಾನು ಒಬ್ಬನಿಗೂ ‘ನಿನಗೆ ಕೈ ಎತ್ತುವ ಅಧಿಕಾರ ಉಂಟಾ’ ಅಂತ ಕೇಳ್ಲಿಲ್ಲ. ನಿಮ್ಮ ಕಾಯ್ದೆಯಲ್ಲಿ ಕೈ ಎತ್ತುವವರು ಯಾರು ಮೇಡಂ?”

ಅಧ್ಯಕ್ಷೆ ಕರಡಿನ ಪುಟ ತಿರುವಿದರು. ಮತ್ತೆ ತಿರುವಿದರು. “ಯಾರೂ ಇಲ್ಲ,” ಎಂದರು. ಆಮೇಲೆ ಸಭೆಯ ಕಡೆ ನೋಡಿದರು. “ಆ ದಿನ ಮೊದಲ ಡೋಸ್ ಪಡೆದವರು? ದಾಖಲೆಯಲ್ಲಿ ಅವರಿಗೆ ಕಾಯಿಲೆಯೇ ಇಲ್ಲ ಎಂದಿದೆಯಲ್ಲ?”

ರೊಸಾಲಿನ್ ಬಾಯಮ್ಮ ಎದ್ದರು. ಎವ್ಲಿನ್ ಅವರ ಮೊಣಕೈ ಹಿಡಿದಿದ್ದಳು.

“ಅದು ಸುಳ್ಳು,” ಎಂದರು ಬಾಯಮ್ಮ. “ನಾನೇ ಹೇಳಿದ್ದು. ಇವಳಿಗೆ ಉಡುಪಿಯಲ್ಲಿ ಹೆಡ್‌ಮಿಸ್ಟ್ರೆಸ್ ಕೆಲಸ ಸಿಕ್ಕಿದೆ. ಈ ಏದುಸಿರು ವಯಸ್ಸಿನದ್ದು ಅಂತ ಇವಳಿಗೆ ಹೇಳಿಟ್ಟಿದ್ದೇನೆ. ನನಗೆ ದಮ್ಮು ಉಂಟು, ರಾತ್ರಿ ಕೂತೇ ನಿದ್ರೆ ಅಂತ ಗೊತ್ತಾದ್ರೆ ಇವಳು ಹೋಗುದಿಲ್ಲ. ಗೇಟಿನಲ್ಲಿ ನಿಂತು ಕೇಳಿದ್ರೆ ನಾನು ಎಂತ ಹೇಳುದು? ಬಾಗಿಲ ಹಿಂದೆ ಮಗಳು ಕೇಳಿಸಿಕೊಳ್ತಾ ಇದ್ದಳು.”

ಎವ್ಲಿನ್ ಅಮ್ಮನ ಮುಖವನ್ನೇ ನೋಡಿದಳು. ಅವರ ಹೆಗಲಿನಿಂದ ಜಾರಿದ ಶಾಲನ್ನು ಎತ್ತಿ ಸರಿಪಡಿಸಿದಳು. ಅಧ್ಯಕ್ಷೆ ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ಕುಶಲಾ ಹಿಂದಿನ ಸಾಲಿನಲ್ಲಿ ಅಳು ತಡೆದು ಮೂಗೆಳೆದುಕೊಳ್ಳುವ ಸದ್ದು ಎಲ್ಲರಿಗೂ ಕೇಳಿತು.

ನೋಟೀಸು ವಾಪಸಾಯಿತು. ತಿದ್ದುಪಡಿಯ ಕರಡಿಗೆ ಎರಡು ಹೊಸ ಕಲಮು ಸೇರಿದವು. ಎಐ ಮಾಡಿದ ಸರದಿಯನ್ನು ಯಾವ ವ್ಯಕ್ತಿ ಬೇಕಾದರೂ ಪ್ರಶ್ನಿಸಬಹುದು, ಪ್ರಶ್ನಿಸಿದೊಡನೆ ಸ್ಥಳದ ವೈದ್ಯಾಧಿಕಾರಿ ಕಣ್ಣಾರೆ ನೋಡಿ ತಿದ್ದಬೇಕು. ಆರೋಗ್ಯದ ಪ್ರಶ್ನೆಗಳನ್ನು ಮನೆಯ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಬೇಕು. ಕಾಯ್ದೆ ಇನ್ನೂ ಪಾಸಾಗಿಲ್ಲ. ಅದಕ್ಕೂ ಒಂದು ಸಾಲು ಉಂಟಂತೆ. ಕುಶಲಾ ಮತ್ತೆ ಕೂರಿಸಿ ಕೇಳಿದ ಮೇಲೆ ಗುರುವಪ್ಪನವರ ನಂಬರು ಎರಡು ಸಾವಿರದ ಮುನ್ನೂರ ಆರಕ್ಕೆ ಇಳಿಯಿತು. ಸರದಿ ಬಂದ ದಿನ ಬಾಗಿ ಅವರ ಕೈ ಹಿಡಿದುಕೊಂಡೇ ಹೋಗಿ ಚುಚ್ಚಿಸಿ ಕರೆದುಕೊಂಡು ಬಂದಳು.

ಎವ್ಲಿನ್ ಉಡುಪಿಗೆ ಹೋಗುವುದಿಲ್ಲ ಎಂದು ಹಠ ಹಿಡಿದಳು. ಬಾಯಮ್ಮ ಹೋಗಲೇಬೇಕು ಎಂದು ಎರಡು ದಿನ ಊಟ ಬಿಟ್ಟರು. ಕೊನೆಗೆ ಬಾಗಿ ನಡುವೆ ಬಂದು, ಎವ್ಲಿನ್ ದಿನವೂ ಹೋಗಿ ಬರಲಿ, ಬೆಳಿಗ್ಗೆಯಿಂದ ಸಂಜೆವರೆಗೆ ಬಾಯಮ್ಮ ನಮ್ಮ ಜಗಲಿಯಲ್ಲಿ ಇರಲಿ, ಔಷಧಿ ನಾನು ಕೊಡ್ತೇನೆ, ಎಂದು ತೀರ್ಮಾನ ಮಾಡಿದಳು.

ಮೊದಲ ದಿನ ಏಳು ಗಂಟೆಯ ಬಸ್ಸಿಗೆ ಮಗಳನ್ನು ಕಳಿಸಲು ಬಾಯಮ್ಮ ತಾವೇ ಹೊರಟರು. ಬೇಡ ಎಂದರೂ ಕೇಳಲಿಲ್ಲ. ಬೆಳಗಿನ ಮಂಜು ಇನ್ನೂ ರಸ್ತೆಯ ಮೇಲೆ ತೆಳ್ಳಗೆ ಮಲಗಿತ್ತು. ಒಂದು ಬದಿಗೆ ಎವ್ಲಿನ್, ಇನ್ನೊಂದು ಬದಿಗೆ ಬಾಗಿ, ಹಿಂದೆ ಊಟದ ಬುತ್ತಿ ಹಿಡಿದ ಗುರುವಪ್ಪ. ಸ್ಟಾಪಿಗೆ ಇನ್ನೂ ಐವತ್ತು ಹೆಜ್ಜೆ ಇರುವಾಗ ಬಸ್ಸು ಬಂದು ನಿಂತಿತು. ಮಂಗಳೂರಿನ ಬಸ್ಸು ಯಾರಿಗೂ ಕಾಯುವ ಜಾತಿಯದ್ದಲ್ಲ. ಲಯನೆಲ್ ಸೀಟಿ ಬಾಯಿಗೆ ಇಟ್ಟಿದ್ದ.

“ನಿಲ್ಲಿ,” ಎಂದರು ಬಾಯಮ್ಮ, ರಸ್ತೆಯ ನಡುವೆ, ಎಲ್ಲರಿಗೂ ಕೇಳುವ ಹಾಗೆ. “ನನಗೆ ಉಸಿರು ಸಿಗುದಿಲ್ಲ. ಸ್ವಲ್ಪ ಬರ್ಲಿ.”

ಎಲ್ಲರೂ ನಿಂತರು. ಲಯನೆಲ್ ಸೀಟಿಯನ್ನು ಜೇಬಿಗೆ ಹಾಕಿ, ಮೆಟ್ಟಿಲಿನಿಂದ ಇಳಿದು, ಡ್ರೈವರಿಗೆ ಇಂಜಿನ್ ಆಫ್ ಮಾಡಲು ಹೇಳಿದ. “ನಿಧಾನ ಬನ್ನಿ ಬಾಯಮ್ಮ,” ಎಂದ. ಬಸ್ಸಿನ ಕಿಟಕಿಗಳಿಂದ ಇಪ್ಪತ್ತು ತಲೆಗಳು ಹೊರಗೆ ಬಂದವು. ಒಬ್ಬರೂ ‘ಹೊತ್ತಾಯ್ತು’ ಎನ್ನಲಿಲ್ಲ.